ಎಲೆಕ್ಟ್ರಿಕ್ ಕಾರಿಗೆ ಓವರ್‌ಸ್ಪೀಡ್ ಚಲನ್ ಬಂದಿದೆ, ಕೋರ್ಟ್‌ನಲ್ಲಿ ಪ್ರಶ್ನಿಸಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾಗಳು ಬಂದ ಮೇಲೆ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರು ಒಂದೇ ಮಾತು ಕೇಳುತ್ತಾರೆ: "ನನ್ನ ಕಾರಿನಲ್ಲಿ ಎಲ್ಲ ದಾಖಲೆ ಇದೆಯಲ್ಲ, ಅದನ್ನೇ ಜಡ್ಜ್‌ಗೆ ತೋರಿಸಿದರೆ ಆಗಲ್ವಾ?" ಆಗಬಹುದು. ಆದರೆ ದಾಖಲೆ ಇದ್ದರೆ ಸಾಲದು, ಅದು ಕೋರ್ಟ್ ಒಪ್ಪುವ ರೂಪದಲ್ಲಿ ಇರಬೇಕು. ಅದನ್ನು ಕಾಪಾಡಿಕೊಳ್ಳುವ ಕೆಲಸ ಚಲನ್ ಬಂದ ದಿನವೇ ಶುರುವಾಗಬೇಕು. ಇಲ್ಲಿರುವ ಉತ್ತರಗಳು ಕರ್ನಾಟಕದ ರಸ್ತೆಗಳನ್ನು, ಮುಖ್ಯವಾಗಿ ಈ ಹೆದ್ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ಎಲೆಕ್ಟ್ರಿಕ್ ಕಾರಿಗೆ ವೇಗದ ಮಿತಿ ಬೇರೆ ಇದೆಯಾ?

ಇಲ್ಲ. ಪರ್ಮಿಟ್, ತೆರಿಗೆ ವಿಷಯದಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ಕೆಲವು ರಿಯಾಯಿತಿ ಇವೆ. ವೇಗದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ 100 ಕಿ.ಮೀ. ಅಂತ ಗರಿಷ್ಠ ಮಿತಿ ಹಾಕಿತು. ರಾಜ್ಯ ಸರ್ಕಾರ ಇದಕ್ಕಿಂತ ಕಡಿಮೆ ಮಾಡಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಜನ ಎಕ್ಸ್‌ಪ್ರೆಸ್‌ವೇ ಅಂತ ಕರೆದರೂ ಅಲ್ಲಿ ಕಾರಿನ ಮಿತಿ 100. "ಎಕ್ಸ್‌ಪ್ರೆಸ್‌ವೇ ಅಲ್ವಾ, 120 ಇರಬೇಕು" ಅನ್ನುವ ವಾದ ನಿಲ್ಲುವುದಿಲ್ಲ.

ಚಲನ್ ಮೆಸೇಜ್ ಬಂತು. ಮೊದಲು ಏನು ಮಾಡಲಿ?

ಅದು ನಿಜವಾದ ಚಲನ್ ಹೌದಾ ಅಂತ ನೋಡಿ. ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಫೋನ್‌ಗೆ ಆಪ್ ಹಾಕುವ ಫೈಲ್) ಕಳಿಸಿ ದುಡ್ಡು ಹೊಡೆಯುವ ಮೋಸ ಈಗ ಜಾಸ್ತಿ. ಮೆಸೇಜ್‌ನಲ್ಲಿರುವ ಲಿಂಕ್ ಒತ್ತಬೇಡಿ. ನೀವೇ ಪರಿವಾಹನ್ ಇ-ಚಲನ್ ತಾಣಕ್ಕೋ ಪೊಲೀಸರ ಅಧಿಕೃತ ಆಪ್‌ಗೋ ಹೋಗಿ ಗಾಡಿ ನಂಬರ್ ಹಾಕಿ ನೋಡಿ.

ನಿಜವಾದದ್ದೇ ಆಗಿದ್ದರೆ ಅದೇ ಸಂಜೆ ಎರಡು ಕೆಲಸ ಮುಗಿಸಿ. ಕಾರಿನ ಆಪ್‌ನಲ್ಲಿರುವ ಆ ದಿನದ ಪ್ರಯಾಣದ ದಾಖಲೆಯನ್ನು ಡೌನ್‌ಲೋಡ್ ಮಾಡಿಕೊಳ್ಳಿ, ಡ್ಯಾಶ್‌ಕ್ಯಾಮ್ ಇದ್ದರೆ ಅದರ ಮೆಮೊರಿ ಕಾರ್ಡ್ ತೆಗೆದಿಡಿ. ಡ್ಯಾಶ್‌ಕ್ಯಾಮ್ ಹಳೆಯ ವಿಡಿಯೊ ಮೇಲೆಯೇ ಹೊಸದನ್ನು ಬರೆಯುತ್ತಾ ಹೋಗುತ್ತದೆ. ನಾಲ್ಕು ದಿನ ಸುಮ್ನೆ ಕೂತರೆ ನಿಮಗೆ ಬೇಕಾದ ಅರ್ಧ ನಿಮಿಷ ಅಳಿಸಿಹೋಗಿರುತ್ತದೆ. ಕಾರು ಕಂಪನಿಯ ಸರ್ವರ್‌ನಲ್ಲಿ ಇನ್ನೂ ಹೆಚ್ಚಿನ ವಿವರ ಇರಬಹುದು. ಗಾಡಿ ನಂಬರ್, ಚಾಸಿಸ್ ನಂಬರ್, ದಿನಾಂಕ, ಸಮಯ ಬರೆದು, ಆ ದಾಖಲೆಯನ್ನು ಅಳಿಸದೆ ಇಟ್ಟು ನಮಗೆ ಕೊಡಿ ಅಂತ ಕಂಪನಿಗೆ ಇಮೇಲ್ ಮಾಡಿ. ಫೋನ್‌ನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಸದ್ಯಕ್ಕೆ ದಂಡ ಕಟ್ಟಿ ಆಮೇಲೆ ವಾದ ಮಾಡಬಹುದಾ?

ಬೇಡ. ದಂಡ ಕಟ್ಟುವುದೆಂದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 200ರ ಪ್ರಕಾರ ರಾಜಿ ಮಾಡಿಕೊಂಡ ಹಾಗೆ. ಕೇಸ್ ಅಲ್ಲಿಗೆ ಮುಗಿಯುತ್ತದೆ. ಪ್ರಶ್ನಿಸುವ ಮನಸ್ಸಿದ್ದರೆ ಕಟ್ಟುವ ಮುಂಚೆಯೇ ಪ್ರಶ್ನಿಸಿ. ಎಷ್ಟು ದಿನದ ಗಡುವು ಅಂತ ಚಲನ್‌ನಲ್ಲೇ ಇರುತ್ತದೆ, ಅದನ್ನು ಮೀರಬೇಡಿ.

ಚಲನ್‌ನ ಫೋಟೊದಲ್ಲಿ ಏನನ್ನು ಗಮನಿಸಬೇಕು?

ಮೊದಲು ನಂಬರ್ ಪ್ಲೇಟಿನ ಬಣ್ಣ. ಸ್ವಂತ ಬಳಕೆಯ ಎಲೆಕ್ಟ್ರಿಕ್ ಕಾರಿಗೆ ಹಸಿರು ಹಲಗೆ, ಬಿಳಿ ಅಕ್ಷರ. ಟ್ಯಾಕ್ಸಿಯಾಗಿದ್ದರೆ ಹಸಿರು ಹಲಗೆ, ಹಳದಿ ಅಕ್ಷರ. ಫೋಟೊದಲ್ಲಿ ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರ ಕಂಡರೆ ಅದು ನಿಮ್ಮ ಗಾಡಿ ಅಲ್ಲ. ಒಂದೋ ಯಂತ್ರ ಒಂದು ಅಕ್ಷರ ತಪ್ಪಾಗಿ ಓದಿದೆ, ಇಲ್ಲವೇ ಯಾರೋ ನಿಮ್ಮ ನಂಬರ್ ಹಾಕಿಕೊಂಡು ಓಡಾಡುತ್ತಿದ್ದಾರೆ. ಎರಡನೆಯದಾದರೆ ಚಲನ್ ಚಿಂತೆ ಆಮೇಲಿರಲಿ, ಮೊದಲು ಪೊಲೀಸ್ ಠಾಣೆಗೆ ದೂರು ಕೊಡಿ.

ರಾತ್ರಿಯ ಇನ್‌ಫ್ರಾರೆಡ್ ಫೋಟೊ ಕಪ್ಪು ಬಿಳುಪಿನಲ್ಲಿರುತ್ತದೆ, ಹಾಗಾಗಿ ಬಣ್ಣ ಗೊತ್ತಾಗುವುದಿಲ್ಲ. ಆಗ ಗಾಡಿಯ ಮುಂಭಾಗ ನೋಡಿ. ಎಷ್ಟೋ ಎಲೆಕ್ಟ್ರಿಕ್ ಕಾರುಗಳಿಗೆ ಮುಂದೆ ಗ್ರಿಲ್ ಇರುವುದಿಲ್ಲ, ಅದೇ ಮಾಡೆಲ್‌ನ ಪೆಟ್ರೋಲ್ ಕಾರಿಗೆ ಇರುತ್ತದೆ.

ಇನ್ನೊಂದು ಮುಖ್ಯ ವಿಷಯ: ಚೌಕಟ್ಟಿನೊಳಗೆ ಎಷ್ಟು ಗಾಡಿಗಳಿವೆ? ನಿಮ್ಮ ಪಕ್ಕದ ಪಥದಲ್ಲಿ ಇನ್ನೊಂದು ಕಾರು ಹಾದುಹೋಗುತ್ತಿದ್ದರೆ, ಆ ವೇಗ ಯಾರದು ಅಂತ ಕೇಳುವ ಹಕ್ಕು ನಿಮಗಿದೆ. ಇಂಥ ನೇರ ತಪ್ಪುಗಳಿಗೆ ಕೋರ್ಟ್‌ವರೆಗೂ ಹೋಗಬೇಕಾಗಿಲ್ಲ. ಆರ್‌ಸಿ, ನಿಮ್ಮ ಕಾರಿನ ಫೋಟೊ ಲಗತ್ತಿಸಿ ಪೊಲೀಸರಿಗೇ ಆಕ್ಷೇಪಣೆ ಕೊಟ್ಟರೆ ಸಾಮಾನ್ಯವಾಗಿ ಅಲ್ಲೇ ಬಗೆಹರಿಯಬೇಕು.

ಕಾರಿನ ಆಪ್ 96 ಅನ್ನುತ್ತಿದೆ, ಚಲನ್ 118 ಅನ್ನುತ್ತಿದೆ. ಆಪ್‌ನ ಸ್ಕ್ರೀನ್‌ಶಾಟ್ ಸಾಕಾ?

ಸಾಲದು. ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರ ಹೇಳಬೇಕು, ಯಾಕೆಂದರೆ ಎಲೆಕ್ಟ್ರಿಕ್ ಕಾರಿನವರ ಬಲವೂ ಇದೇ, ಎಡವುವುದೂ ಇಲ್ಲೇ.

ಮೊದಲು ಆ 96 ಏನು ಅಂತ ನೋಡಿ. ಎಷ್ಟೋ ಆಪ್‌ಗಳು ತೋರಿಸುವುದು ಇಡೀ ಪ್ರಯಾಣದ ಸರಾಸರಿಯನ್ನು. ಕ್ಯಾಮೆರಾ ಹಿಡಿದದ್ದು ಒಂದು ಜಾಗದ ಒಂದು ಕ್ಷಣದ ವೇಗ. ಸರಾಸರಿ 96 ಇದ್ದವರು ನಡುವೆ 118ಕ್ಕೆ ಹೋಗಿಯೇ ಇರಬಹುದು. ನಿಮಗೆ ಬೇಕಾದದ್ದು ಸೆಕೆಂಡು ಸೆಕೆಂಡಿನ ವೇಗ, ಜೊತೆಗೆ ಜಿಪಿಎಸ್ ಸ್ಥಾನ.

ಆಮೇಲೆ ಗಡಿಯಾರ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಕ್ಯಾಮೆರಾದ ಗಡಿಯಾರಕ್ಕೂ ಕಾರಿನ ಗಡಿಯಾರಕ್ಕೂ ಐದು ಸೆಕೆಂಡು ವ್ಯತ್ಯಾಸ ಇದ್ದರೆ 140 ಮೀಟರ್ ಆಚೀಚೆ. ಎಲೆಕ್ಟ್ರಿಕ್ ಕಾರಿನಲ್ಲಿ ಕಾಲು ತೆಗೆದ ಕೂಡಲೇ ರೀಜನರೇಷನ್‌ನಿಂದ (ಮೋಟಾರೇ ಬ್ರೇಕಿನಂತೆ ಕೆಲಸ ಮಾಡಿ ಬ್ಯಾಟರಿ ತುಂಬಿಸುವುದರಿಂದ) ವೇಗ ಇಳಿಯುತ್ತದೆ, ಒತ್ತಿದ ಕೂಡಲೇ ಏರುತ್ತದೆ. ಹಾಗಾಗಿ ಎಪಿಪಿ, ಅಂದರೆ ಸರ್ಕಾರಿ ವಕೀಲರು, "ಕ್ಯಾಮೆರಾ ಕಂಡು ನಿಧಾನ ಮಾಡಿದ ಮೇಲಿನ ವೇಗ ಇದು" ಅಂತ ಹೇಳಬಹುದು. ಸಮಯಕ್ಕಿಂತ ಸ್ಥಾನವನ್ನು ಹಿಡಿದು ಉತ್ತರ ಕೊಡಿ. ಕ್ಯಾಮೆರಾ ಕಂಬಕ್ಕಿಂತ ಒಂದು ಕಿಲೋಮೀಟರ್ ಹಿಂದಿನಿಂದ ಒಂದು ಕಿಲೋಮೀಟರ್ ಮುಂದಿನವರೆಗೆ ವೇಗ ಎಲ್ಲೂ 100 ದಾಟಿಲ್ಲ ಅಂತ ತೋರಿಸಿದರೆ ಗಡಿಯಾರದ ಜಗಳವೇ ಬೇಕಾಗುವುದಿಲ್ಲ.

ಕೊನೆಗೆ ಕಾನೂನಿನ ರೂಪ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ ಇವೆ. ಒಂದನ್ನು ದಾಖಲೆ ಹಾಜರುಪಡಿಸುವವರು ಕೊಡಬೇಕು, ಇನ್ನೊಂದನ್ನು ತಜ್ಞರು. ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಫೈಲ್ ಬದಲಾಗಿಲ್ಲ ಅಂತ ತೋರಿಸುವ ಅದರ ಡಿಜಿಟಲ್ ಬೆರಳಚ್ಚನ್ನೂ, ನಮೂದಿಸಬೇಕು. ಇದಕ್ಕೂ ಮುಂಚಿನ ಕಾಯ್ದೆಯಲ್ಲಿ 65ಬಿ ಅಂತಿದ್ದ ನಿಯಮ ಇದು. ಆ ಪ್ರಮಾಣಪತ್ರ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿತ್ತು. ಕಂಪನಿ ದಾಖಲೆ ಕೊಡಲು ಒಪ್ಪದಿದ್ದರೆ, ತರಿಸಿಕೊಡಿ ಅಂತ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 94ರಡಿ ಕೋರ್ಟ್‌ಗೆ ಅರ್ಜಿ ಹಾಕಬಹುದು.

ಒಂದು ಎಚ್ಚರಿಕೆ. ನಿಮ್ಮ ಆಪ್‌ನಲ್ಲಿರುವ ದಾಖಲೆ ಪೂರ್ತಿ ನೋಡದೆ ಕಂಪನಿಯದ್ದನ್ನು ತರಿಸಲು ಹೋಗಬೇಡಿ. ಅದರಲ್ಲಿ 121 ಅಂತಿದ್ದರೆ ನಿಮ್ಮ ಕಾರೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಮೀಟರ್ 100 ತೋರಿಸುತ್ತಿತ್ತು ಅಂತ ಖಚಿತವಾಗಿ ಹೇಳಬಲ್ಲೆ. ಮೀಟರ್ ತಪ್ಪಿರಬಹುದಾ?

ಮೀಟರ್ ತಪ್ಪುವುದು ಒಂದೇ ದಿಕ್ಕಿಗೆ, ಅದೂ ನಿಮ್ಮ ಪರವಾಗಿ. ವಿಶ್ವಸಂಸ್ಥೆಯ 39ನೇ ನಿಯಮಾವಳಿ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಜಾಸ್ತಿ ತೋರಿಸಬಹುದು: ನಿಜ ವೇಗದ ಶೇ. 10, ಅದರ ಮೇಲೆ 4 ಕಿ.ಮೀ. ತನಕ. ನಿಜವಾಗಿ 100ರಲ್ಲಿ ಹೋಗುವಾಗ ಮೀಟರ್ 114 ತೋರಿಸಿದರೂ ನಿಯಮದೊಳಗೇ ಇದೆ. ಮೀಟರ್ 100 ತೋರಿಸುವಾಗ ನಿಜ ವೇಗ 100 ಅಥವಾ ಅದಕ್ಕಿಂತ ಕಡಿಮೆ.

ಎಲೆಕ್ಟ್ರಿಕ್ ಕಾರಿನಲ್ಲಿ ಇನ್ನೊಂದು ಅನುಕೂಲ ಇದೆ. ಬಹುತೇಕ ಮಾಡೆಲ್‌ಗಳಲ್ಲಿ ಗೇರ್ ಬದಲಾಗುವುದೇ ಇಲ್ಲ, ಮೋಟಾರಿಗೂ ಚಕ್ರಕ್ಕೂ ನಡುವೆ ಒಂದೇ ಅನುಪಾತ. ಮೋಟಾರ್ ಎಷ್ಟು ಸುತ್ತುತ್ತಿದೆ ಅಂತ ಕಂಟ್ರೋಲರ್‌ಗೆ ಪ್ರತಿ ಕ್ಷಣ ನಿಖರವಾಗಿ ಗೊತ್ತಿರಬೇಕು, ಇಲ್ಲದಿದ್ದರೆ ಮೋಟಾರನ್ನು ನಡೆಸಲಿಕ್ಕೇ ಆಗುವುದಿಲ್ಲ. ಹಾಗಾಗಿ ಲೆಕ್ಕದಲ್ಲಿ ಬದಲಾಗಬಹುದಾದದ್ದು ಟೈರಿನ ಸುತ್ತಳತೆ ಮಾತ್ರ. ಸವೆದ ಟೈರ್ ಚಿಕ್ಕದಾಗುತ್ತದೆ, ಆಗ ಮೀಟರ್ ಇನ್ನೂ ಜಾಸ್ತಿ ತೋರಿಸುತ್ತದೆ. ಅದೂ ನಿಮ್ಮ ಪರವೇ. ಆದರೆ ಅಂದಕ್ಕೆ ಅಂತ ಕಂಪನಿ ಹೇಳಿದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದ್ದರೆ ಇಡೀ ವಾದ ತಲೆಕೆಳಗಾಗುತ್ತದೆ. ಟೈರ್ ಅಳತೆ ಬರೆದಿರುವ ಭಾಗದ ಫೋಟೊ ತೆಗೆದಿಡಿ.

"ಸದ್ದೇ ಇಲ್ಲದ ಕಾರು, ವೇಗ ಗೊತ್ತಾಗಲಿಲ್ಲ" ಅಂದರೆ ಜಡ್ಜ್ ಒಪ್ಪುತ್ತಾರಾ?

ಒಪ್ಪುವುದಿಲ್ಲ, ಒಪ್ಪಲೂಬಾರದು. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ 80 ದಾಟಿದರೆ ಬಿಟ್ಟು ಬಿಟ್ಟು, 120 ದಾಟಿದರೆ ಒಂದೇ ಸಮನೆ ಬೀಪ್ ಸದ್ದು ಬರುವ ವ್ಯವಸ್ಥೆ ಕಡ್ಡಾಯ. ನಿಮ್ಮ ಕಾರಿನಲ್ಲೂ ಇದೆ. ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ವೇಗ ಅರಿವಿಗೆ ಬರುವುದು ಕಷ್ಟ ಅನ್ನುವುದು ಓಡಿಸುವವರಿಗೆಲ್ಲ ಗೊತ್ತಿರುವ ನಿಜ. ಆದರೆ ಅದು ಹೆಚ್ಚು ಎಚ್ಚರ ವಹಿಸಲು ಕಾರಣವೇ ಹೊರತು ಕೋರ್ಟ್‌ನಲ್ಲಿ ಹೇಳುವ ನೆಪ ಅಲ್ಲ. ಕ್ರೂಸ್ ಕಂಟ್ರೋಲ್ 100ಕ್ಕೆ ಇಟ್ಟಿದ್ದೆ ಅನ್ನುವುದೂ ಅಷ್ಟೇ. ದಾಖಲೆಯಲ್ಲಿ ಅದು ಕಂಡರೆ ಉಳಿದ ಸಾಕ್ಷಿಗೆ ಬಲ ಬರುತ್ತದೆ. ಬರೀ ಬಾಯಿಮಾತಾದರೆ ಪ್ರಯೋಜನ ಇಲ್ಲ.

ಫಾಸ್ಟ್ಯಾಗ್ ಸಮಯ ತೋರಿಸಬಹುದಾ?

ಕಣಿಮಿಣಿಕೆ, ಗಣಂಗೂರು ಟೋಲ್‌ಗಳ ನಡುವೆ ಎಷ್ಟು ಹೊತ್ತು ತೆಗೆದುಕೊಂಡಿರಿ ಅನ್ನುವುದು ಸರಾಸರಿಯನ್ನಷ್ಟೇ ಹೇಳುತ್ತದೆ. ನಡುವೆ ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲಿಸಿದ್ದರೆ ಅದೂ ಇಲ್ಲ. ಬೇರೆ ದಾಖಲೆಗೆ ಪೂರಕವಾಗಿ ಬಳಸಿ, ಅದನ್ನೇ ನಂಬಬೇಡಿ.

ಕ್ಯಾಮೆರಾ ತಪ್ಪು ಮಾಡುತ್ತಾ? ಅದನ್ನು ಪ್ರಶ್ನಿಸುವುದು ಹೇಗೆ?

ಯಂತ್ರ ತಪ್ಪಬಹುದು. ಆದರೆ ಎಲ್ಲ ತಪ್ಪೂ ನಿಮಗೆ ಅನುಕೂಲವಲ್ಲ. ರಸ್ತೆ ಬದಿ ನಿಲ್ಲಿಸಿದ ರೇಡಾರ್ ಗಾಡಿಯನ್ನು ಓರೆಯಾಗಿ ನೋಡಿದಷ್ಟೂ ವೇಗವನ್ನು ಕಡಿಮೆ ತೋರಿಸುತ್ತದೆ. 20 ಡಿಗ್ರಿ ಓರೆಯಾದರೆ 100 ಇದ್ದದ್ದು 94 ಆಗುತ್ತದೆ. ಹಾಗಾಗಿ "ಕ್ಯಾಮೆರಾ ಓರೆಯಾಗಿತ್ತು" ಅನ್ನುವ, ಎಲ್ಲರೂ ಹೇಳುವ ವಾದ ವ್ಯರ್ಥ. ಕೈಯಲ್ಲಿ ಹಿಡಿಯುವ ಲೇಸರ್ ಗನ್ ಕಥೆ ಬೇರೆ. ಕಿರಣ ಗಾಡಿಯ ಮೈಮೇಲೆ ಜಾರಿದರೆ ದೂರದ ಲೆಕ್ಕ ತಪ್ಪಿ ವೇಗ ಜಾಸ್ತಿ ಕಾಣಬಹುದು.

ಕೋರ್ಟ್‌ನಲ್ಲಿ ಭೌತಶಾಸ್ತ್ರಕ್ಕಿಂತ ಕಾಗದಪತ್ರ ಹೆಚ್ಚು ಕೆಲಸ ಮಾಡುತ್ತದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿತು. ಅದರ ಪ್ರಕಾರ ಇಂಥ ಯಂತ್ರಕ್ಕೆ ರಾಜ್ಯ ಸರ್ಕಾರ ನೇಮಿಸಿದ ಪ್ರಾಧಿಕಾರದ ಅನುಮೋದನೆ ಪ್ರಮಾಣಪತ್ರ ಬೇಕು, ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಕ್ಯಾಮೆರಾ ಇರುವ ಕಡೆ ಮುಂಚೆಯೇ ಎಚ್ಚರಿಕೆ ಫಲಕ ಇರಬೇಕು. ಚಲನ್‌ನಲ್ಲಿ ಸ್ಪಷ್ಟ ಫೋಟೊ, ಯಂತ್ರದ ಅಳತೆ, ದಿನಾಂಕ, ಸಮಯ, ಸ್ಥಳ, ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಇರಬೇಕು. ಇದರ ಜೊತೆಗೆ 2025ರ ಜುಲೈ 1ರಿಂದ ವೇಗ ಅಳೆಯುವ ರೇಡಾರ್‌ಗಳು ಕಾನೂನು ಮಾಪನಶಾಸ್ತ್ರದ ವ್ಯಾಪ್ತಿಗೆ ಬಂದಿವೆ. ಅಂಗಡಿಯ ತಕ್ಕಡಿಗೆ ಮುದ್ರೆ ಬೀಳುವ ಹಾಗೆ ಇವಕ್ಕೂ ಪರಿಶೀಲನೆ, ಮುದ್ರೆ ಬೇಕು.

ಈ ಪ್ರಮಾಣಪತ್ರಗಳ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯದ ಮೇಲೆ ಇರಬೇಕು. ಹಾಗಾಗಿ ಪೊಲೀಸರಿಗೆ ಯಂತ್ರದ ಬಗ್ಗೆ ಒಂದು, ಹೆದ್ದಾರಿ ಪ್ರಾಧಿಕಾರಕ್ಕೆ ಫಲಕಗಳ ಬಗ್ಗೆ ಇನ್ನೊಂದು ಅರ್ಜಿ ಹಾಕಿ.

ಕ್ಯಾಮೆರಾ ಇರಲಿಲ್ಲ, ಪೊಲೀಸರು ನೋಡಿದೆವು ಅಂದರು. ಅಷ್ಟು ಸಾಕಾ?

ಸಾಲದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 183(3) ಇದನ್ನು ನೇರವಾಗಿ ಹೇಳುತ್ತದೆ. ಒಬ್ಬ ಸಾಕ್ಷಿಯ ಅಂದಾಜಿನ ಮೇಲೆ ಮಾತ್ರ ಅತಿವೇಗಕ್ಕೆ ಶಿಕ್ಷೆ ಕೊಡುವಂತಿಲ್ಲ. ಆ ಅಂದಾಜಿಗೆ ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಉಪಕರಣದ ಆಧಾರ ಇರಬೇಕು.

ಘಟನೆ ನಡೆದು ಎರಡು ತಿಂಗಳಾದ ಮೇಲೆ ನೋಟಿಸ್ ಬಂತು. ಇದು ಸರಿಯಾ?

ಇದನ್ನು ಚೆನ್ನಾಗಿ ನೆನಪಿಡಿ, ಏಕೆಂದರೆ ಸಾವಿರಾರು ಜನ ಇದನ್ನು ನೋಡದೆಯೇ ದಂಡ ಕಟ್ಟುತ್ತಾರೆ. ಕಾಯ್ದೆಯ ಸೆಕ್ಷನ್ 209 ಅತಿವೇಗ ಮತ್ತು ಅಪಾಯಕಾರಿ ಚಾಲನೆ ಈ ಎರಡಕ್ಕೇ ಇರುವ ವಿಶೇಷ ರಕ್ಷಣೆ. ಮೂರರಲ್ಲಿ ಒಂದಾದರೂ ನಡೆದಿರಬೇಕು: ಸ್ಥಳದಲ್ಲೇ "ನಿಮ್ಮ ಮೇಲೆ ಕೇಸ್ ಆಗಬಹುದು" ಅಂತ ಎಚ್ಚರಿಸಿರಬೇಕು, ಅಥವಾ 14 ದಿನದೊಳಗೆ ಸಮಯ, ಸ್ಥಳ, ಅಪರಾಧ ಬರೆದ ನೋಟಿಸ್ ಚಾಲಕರಿಗೋ ಮಾಲೀಕರಿಗೋ ತಲುಪಿರಬೇಕು ಇಲ್ಲವೇ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಹೋಗಿರಬೇಕು, ಅಥವಾ 28 ದಿನದೊಳಗೆ ಸಮನ್ಸ್ ಜಾರಿಯಾಗಿರಬೇಕು. ಇವು ಯಾವುವೂ ಆಗದಿದ್ದರೆ ಶಿಕ್ಷೆ ಕೊಡುವಂತಿಲ್ಲ. ನಿಯಮ 167ಎ ಕೂಡ ನೋಟಿಸ್‌ಗೆ 15 ದಿನ ಅನ್ನುತ್ತದೆ.

ವಿನಾಯಿತಿಯೂ ಇದೆ. ವಿಳಾಸ ಪತ್ತೆ ಮಾಡಲು ಆಗದಿದ್ದರೆ ಅಥವಾ ನಿಮ್ಮ ನಡವಳಿಕೆಯಿಂದಲೇ ನೋಟಿಸ್ ತಲುಪದಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಮನೆ ಬದಲಾಯಿಸಿ ಆರ್‌ಸಿಯಲ್ಲಿ ಹಳೆ ವಿಳಾಸ ಬಿಟ್ಟವರು, ಹಳೆ ಮೊಬೈಲ್ ನಂಬರ್ ಬಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಇನ್ನು ಬರೀ ಎಸ್ಸೆಮ್ಮೆಸ್ ಬಂದರೆ ನೋಟಿಸ್ ಆಯಿತಾ ಅನ್ನುವುದನ್ನು ಕೋರ್ಟ್‌ನಲ್ಲಿ ವಾದಿಸಬೇಕು. ಮೆಸೇಜ್ ಬಂದ ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ, ಅಂಚೆ ಲಕೋಟೆ ಎಸೆಯಬೇಡಿ.

ದಂಡ ಮಾತ್ರ ವಿಧಿಸಬಹುದಾದ ಅಪರಾಧವನ್ನು ಕೋರ್ಟ್ ಆರು ತಿಂಗಳೊಳಗೆ ವಿಚಾರಣೆಗೆ ಎತ್ತಿಕೊಳ್ಳಬೇಕು ಅಂತಲೂ ಇದೆ. ತಡಕ್ಕೆ ಸೂಕ್ತ ಕಾರಣ ಇದ್ದರೆ ಕೋರ್ಟ್ ಮನ್ನಿಸಬಹುದು.

ಯಾವ ಕೋರ್ಟ್‌ಗೆ ಹೋಗಬೇಕು? ಅಲ್ಲಿ ಏನಾಗುತ್ತದೆ?

ಘಟನೆ ನಡೆದ ಜಾಗದ ಕೋರ್ಟ್‌ಗೆ. ಜಯನಗರದವರಿಗೆ ಮದ್ದೂರಿನ ಬಳಿ ಚಲನ್ ಬಿದ್ದರೆ ಆ ಭಾಗದ ಮ್ಯಾಜಿಸ್ಟ್ರೇಟ್ ಕೋರ್ಟ್. ಕೇಸ್ ವರ್ಚುವಲ್ ಕೋರ್ಟ್‌ಗೆ (ಚಲನ್‌ಗಳನ್ನು ಆನ್‌ಲೈನ್‌ನಲ್ಲೇ ಮುಗಿಸುವ ಕೋರ್ಟ್) ಹೋಗಿದ್ದರೆ ದಂಡ ಕಟ್ಟುತ್ತೀರಾ, ವಾದಿಸುತ್ತೀರಾ ಅಂತ ಕೇಳುತ್ತದೆ. ವಾದಿಸುತ್ತೇನೆ ಅಂದರೆ ಮಾಮೂಲಿ ಕೋರ್ಟ್‌ಗೆ ವರ್ಗವಾಗುತ್ತದೆ.

ಮೊದಲ ದಿನ ಆರೋಪ ಓದಿ, ತಪ್ಪು ಒಪ್ಪುತ್ತೀರಾ ಅಂತ ಕೇಳುತ್ತಾರೆ. ಇಲ್ಲ ಅಂದರೆ ಸಾಕ್ಷಿಗಳ ವಿಚಾರಣೆಗೆ ದಿನ ಕೊಡುತ್ತಾರೆ. ಪಾಟಿ ಸವಾಲಿನಲ್ಲಿ ಕೇಳಬೇಕಾದದ್ದು ಕೆಲವೇ: ಯಂತ್ರದ ಪ್ರಮಾಣಪತ್ರ ಎಲ್ಲಿ, ಆ ದಿನಕ್ಕೆ ಅದು ಚಾಲ್ತಿಯಲ್ಲಿತ್ತಾ, ಫಲಕ ಎಲ್ಲಿತ್ತು, ನೋಟಿಸ್ ಯಾವತ್ತು ಹೋಯಿತು. ಉದ್ದುದ್ದ ಭಾಷಣ ಬೇಡ. ದಿನ ತಪ್ಪಿಸಿಕೊಳ್ಳಬೇಡಿ. ಹಾಜರಾಗದಿದ್ದರೆ ವಾರಂಟ್ ಆಗಬಹುದು.

ಲಾಯರ್ ಇಲ್ಲದೆ ನೀವೇ ವಾದಿಸಬಹುದು. ಬೋರ್ಡ್ ಇರಲಿಲ್ಲ, ನೋಟಿಸ್ ತಡ ಅನ್ನುವಂಥ ಕೇಸಿಗೆ ಅದು ಸಾಕು. ಕಾರಿನ ದಾಖಲೆಯನ್ನು ಸಾಕ್ಷಿಯಾಗಿ ತರುವುದಾದರೆ ಲಾಯರ್ ಇರುವುದು ಒಳ್ಳೆಯದು.

ಆ ದಿನ ಓಡಿಸಿದ್ದು ನಾನಲ್ಲ, ಭಾವಮೈದ. ಆಗ?

ಚಾಲಕರು ಯಾರು ಅಂತ ಪೊಲೀಸರು ಕೇಳಿದರೆ ಸೆಕ್ಷನ್ 133ರ ಪ್ರಕಾರ ಮಾಲೀಕರು ಹೆಸರು, ವಿಳಾಸ ಹೇಳಬೇಕು. ಮನೆಯವರನ್ನು ಉಳಿಸಲು ಸುಳ್ಳು ಹೇಳಬೇಡಿ. ಕೆಲವು ಕಾರುಗಳು ಯಾರ ಫೋನ್‌ನಿಂದ ಕಾರು ತೆರೆಯಿತು ಅಂತ ದಾಖಲಿಸುತ್ತವೆ.

ಚಲನ್‌ನಲ್ಲಿ 134 ಅಂತಿದೆ. ಇದಕ್ಕೂ ಸಾವಿರ ರೂಪಾಯಿನಾ?

ಇದು ಬೇರೆಯದೇ ವಿಷಯ. ಕಾರಿನ ಅತಿವೇಗಕ್ಕೆ ಕಾಯ್ದೆಯಲ್ಲಿ 1,000ದಿಂದ 2,000 ರೂಪಾಯಿ ದಂಡ ಇದೆ, ಕರ್ನಾಟಕದಲ್ಲಿ ರಾಜಿಗೆ 1,000. ಆದರೆ 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮ ಬಂದಿದೆ. ಆಗ ಕೇಸ್ ಅಪಾಯಕಾರಿ ಚಾಲನೆಯದ್ದು, ಜೈಲು ಶಿಕ್ಷೆಗೂ ಅವಕಾಶ ಇದೆ, ಡಿಎಲ್ ಅಮಾನತಾಗಬಹುದು. ಈ ಪುಟ ನಂಬಿಕೊಂಡು ಒಬ್ಬರೇ ಹೋಗಬೇಡಿ, ಲಾಯರ್ ಹಿಡಿಯಿರಿ.

ಲೋಕ ಅದಾಲತ್‌ಗೆ ಹೋಗುವುದು ಸುಲಭ ಅಲ್ವಾ?

ಸುಲಭ. ಆದರೆ ಅಲ್ಲಿ ಆಗುವುದು ರಾಜಿ. ಯಾರು ಸರಿ ಅಂತ ಯಾರೂ ತೀರ್ಮಾನಿಸುವುದಿಲ್ಲ, ಮೇಲ್ಮನವಿಯೂ ಇಲ್ಲ. 2023ರ ಫೆಬ್ರುವರಿಯಲ್ಲಿ, 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬಂದ ಶೇ. 50 ರಿಯಾಯಿತಿಯೂ ಇಂಥದ್ದೇ. ನಿಜವಾಗಿ ವೇಗ ಮೀರಿದ್ದರೆ ಕಟ್ಟಿ ಮುಗಿಸಿ. ಇದೇ ಹೆದ್ದಾರಿಯಲ್ಲಿ ವೇಗಕ್ಕೆ ಎಷ್ಟು ಮನೆಗಳ ದೀಪ ಆರಿದೆ ಅಂತ ಮಂಡ್ಯ, ರಾಮನಗರದವರನ್ನು ಕೇಳಿ. ಕ್ಯಾಮೆರಾಗಳು ಬಂದದ್ದು ಒಳ್ಳೆಯದೇ ಅಂತ ನಾನು ಮನಸಾರೆ ನಂಬುತ್ತೇನೆ. ಅದೇ ಕಾರಣಕ್ಕೆ, ಅವು ಸರಿಯಾಗಿ ಅಳೆಯಬೇಕು, ಸರಿಯಾದ ಕಾಗದ ಹೊಂದಿರಬೇಕು ಅಂತ ಕೇಳುವುದೂ ಮುಖ್ಯ. ಮಾಡದ ತಪ್ಪಿಗೆ ದಂಡ ಬಂದಿದ್ದರೆ ಸಾವಿರ ರೂಪಾಯಿಗಿಂತ ಓಡಾಟದ ಖರ್ಚೇ ಜಾಸ್ತಿಯಾದರೂ ಪ್ರಶ್ನಿಸುವುದು ಸರಿ. ಇನ್ನೊಂದು ಸಲ ಸಿಕ್ಕಿಬಿದ್ದರೆ ಡಿಎಲ್‌ಗೆ ಕುತ್ತು ಬರುವುದು ಹಿಂದಿನ ಈ ದಾಖಲೆಯಿಂದಲೇ.

ಸೋತರೆ? ಗೆದ್ದರೆ?

ಸೋತರೆ ದಂಡ, ಅದು ರಾಜಿ ಮೊತ್ತಕ್ಕಿಂತ ಜಾಸ್ತಿ ಇರಬಹುದು. ಸೆಷನ್ಸ್ ಕೋರ್ಟ್‌ಗೆ ಮೇಲ್ಮನವಿ ಹಾಕಬಹುದು. ತಪ್ಪು ಒಪ್ಪಿಕೊಂಡವರಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ.

ಗೆದ್ದರೆ ಆದೇಶದ ದೃಢೀಕೃತ ನಕಲು ತೆಗೆದುಕೊಳ್ಳದೆ ಮನೆಗೆ ಬರಬೇಡಿ. ಕೆಲವು ವಾರ ಬಿಟ್ಟು ಇ-ಚಲನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಇನ್ನೂ ಬಾಕಿ ಅಂತಲೇ ತೋರಿಸುತ್ತಿದ್ದರೆ ನಕಲಿನ ಪ್ರತಿ ಲಗತ್ತಿಸಿ ಚಲನ್ ಹಾಕಿದ ಠಾಣೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರು ಮಾರುವಾಗ, ಬೇರೆ ರಾಜ್ಯಕ್ಕೆ ಎನ್‌ಒಸಿ ಕೇಳುವಾಗ ತಡೆ ಬರುವುದು ಇಂಥ ಅಳಿಸದೆ ಉಳಿದ ಬಾಕಿಯಿಂದಲೇ.